ರಾತ್ರಿ ಗೂಡಿಗೆ ನುಗ್ಗಿ ನಾಲ್ಕು ಕೋಳಿ ಕೊಂದಿದೆ: ಯಾವ ಪ್ರಾಣಿ, ಗೂಡು ಭದ್ರಪಡಿಸುವುದು ಹೇಗೆ?

ಬೈನೆಮರ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ನಮ್ಮ ಹಿತ್ತಲಿನ ಗೂಡಿಗೆ ಏನೋ ನುಗ್ಗಿ ಆರು ನಾಟಿ ಹೇಂಟೆಗಳಲ್ಲಿ ನಾಲ್ಕನ್ನು ಕೊಂದು ಹಾಕಿದೆ. ಒಂದು ಕಾಣೆಯಾಗಿದೆ. ಉಳಿದ ಒಂದು ಮೂಲೆಯಲ್ಲಿ ಮುದುಡಿ ಕುಳಿತಿದೆ, ನೀರನ್ನೂ ಮುಟ್ಟುತ್ತಿಲ್ಲ. ಸತ್ತವುಗಳಲ್ಲಿ ಎರಡಕ್ಕೆ ತಲೆಯೇ ಇಲ್ಲ. ಉಳಿದೆರಡರ ಕುತ್ತಿಗೆಯ ಬುಡದಲ್ಲಿ ಹಲ್ಲಿನ ಗುರುತಿದೆ, ಮೈಮಾಂಸ ಹಾಗೆಯೇ ಇದೆ. ಬಾಗಿಲ ಚಿಲಕ ಹಾಕಿದಂತೆಯೇ ಇತ್ತು. ನೆಲ ಅಗೆದ ಗುರುತಿಲ್ಲ.

ಗೂಡು ಹೀಗಿದೆ: ಕೆಳಗೆ ಕಲ್ಲಿನ ಕಟ್ಟೆ, ಮೂರು ಕಡೆ ಹಲಗೆ, ಮುಂದಕ್ಕೆ ಆರು ಮೂಲೆ ಕಣ್ಣಿನ ಕೋಳಿಬಲೆ, ಮೇಲೆ ಮಂಗಳೂರು ಹೆಂಚು. ಇಷ್ಟಿದ್ದೂ ಎಲ್ಲಿಂದ ಬಂತು ಎಂದು ಗೊತ್ತಾಗುತ್ತಿಲ್ಲ. ಅಮ್ಮ ಬೆಳಗಿನಿಂದ ಊಟ ಮಾಡಿಲ್ಲ. ಅವರು ಒಂದೊಂದನ್ನೂ ಮರಿಯಿಂದ ಸಾಕಿದ್ದು. ಇವತ್ತು ರಾತ್ರಿಗೆ ಏನು ಮಾಡಬೇಕು, ಮುಂದಕ್ಕೆ ಏನು ಮಾಡಬೇಕು, ತಿಳಿದವರು ಹೇಳಿ.

ಸಕಲೇಶಪುರದವ

ಮುಂಗುಸಿ, ಅನುಮಾನವೇ ಬೇಡ. ನಮ್ಮಲ್ಲೂ ಹೀಗೆಯೇ ಕುತ್ತಿಗೆ ಕಚ್ಚಿ, ರಕ್ತ ಹೀರಿ ಬಿಟ್ಟು ಹೋಗಿತ್ತು.

ನಿವೃತ್ತ ಪಶುವೈದ್ಯ, ಶಿವಮೊಗ್ಗ

ಮುಂಗುಸಿ ಹಗಲಿನ ಪ್ರಾಣಿ. ಬೆಳಕು ಹರಿದ ಮೇಲೆ ಹೊರಡುತ್ತದೆ, ಕತ್ತಲಾಗುವ ಹೊತ್ತಿಗೆ ಬಿಲ ಸೇರುತ್ತದೆ. ರಾತ್ರಿ ಚಿಲಕ ಹಾಕಿದ ಗೂಡಿನೊಳಗೆ ನಡೆದ ಕೊಲೆಯನ್ನು ಅದರ ತಲೆಗೆ ಕಟ್ಟುವುದು ಸರಿಯಲ್ಲ. ರಕ್ತ ಹೀರುವ ಮಾತನ್ನೂ ಬಿಟ್ಟುಬಿಡಿ. ಮುಂಗುಸಿಯಾಗಲಿ ಕಾಡುಬೆಕ್ಕಾಗಲಿ ರಕ್ತ ಹೀರುವುದಿಲ್ಲ. ಸತ್ತು ಕೆಲವು ಗಂಟೆ ಕಳೆದ ಹಕ್ಕಿಯಲ್ಲಿ ರಕ್ತ ಹೆಪ್ಪುಗಟ್ಟಿರುತ್ತದೆ, ಕುಯ್ದರೆ ಹರಿಯುವುದಿಲ್ಲ. ನೋಡಿದವರಿಗೆ ಹೀರಿದಂತೆ ಕಾಣುತ್ತದೆ.

ಬೈನೆಮರ ಅವರೇ, ಮೊದಲು ಬದುಕಿರುವ ಕೋಳಿಯನ್ನು ನೋಡಿ. ಬುಟ್ಟಿಯೊಳಗೆ ಹುಲ್ಲು ಹಾಸಿ, ಮೇಲೆ ಬಟ್ಟೆ ಮುಚ್ಚಿ, ಮನೆಯ ಸದ್ದಿಲ್ಲದ ಮೂಲೆಯಲ್ಲಿ ಇಡಿ. ಸ್ವಲ್ಪ ಬೆಲ್ಲ ಕರಗಿಸಿದ ನೀರನ್ನು ಕೊಕ್ಕಿನ ಅಂಚಿಗೆ ಹನಿ ಹನಿಯಾಗಿ ತೋರಿಸಿ, ಬಾಯಿ ತೆರೆದು ಸುರಿಯಬೇಡಿ. ಪುಕ್ಕ ಸರಿಸಿ ರೆಕ್ಕೆಯ ಕೆಳಗೆ, ಬೆನ್ನಿನ ಮೇಲೆ ಗಾಯ ಹುಡುಕಿ. ಹಲ್ಲಿನ ತೂತು ಹೊರಗಿನಿಂದ ಸಾಸಿವೆಯಷ್ಟು ಕಂಡರೂ ಒಳಗೆ ಆಳವಾಗಿ ಕೀವಾಗುತ್ತದೆ. ಪೊವಿಡೋನ್ ಅಯೋಡಿನ್ ಹಚ್ಚಿ, ಹತ್ತಿರದ ಪಶು ಆಸ್ಪತ್ರೆಯಲ್ಲಿ ತೋರಿಸಿ.

ಆಮೇಲೆ ನನಗೆ ಮೂರು ವಿಷಯ ತಿಳಿಸಿ. ಹೆಂಚುಗಳಲ್ಲಿ ಯಾವುದಾದರೂ ಸರಿದಿದೆಯೇ? ಗೂಡಿನ ಮೇಲೆ ಯಾವುದಾದರೂ ಮರದ ಕೊಂಬೆ ಚಾಚಿದೆಯೇ? ಸುತ್ತಮುತ್ತ ಕಟ್ಟೆ, ಬೇಲಿ, ಕಲ್ಲಿನ ಮೇಲೆ ಹಿಕ್ಕೆ ಬಿದ್ದಿದೆಯೇ, ಇದ್ದರೆ ಅದರಲ್ಲಿ ಏನಿದೆ? ಸತ್ತ ಕೋಳಿಗಳನ್ನು ತೋಟಕ್ಕೆ ಎಸೆಯಬೇಡಿ. ಆಳವಾಗಿ ಗುಂಡಿ ತೆಗೆದು, ಸುಣ್ಣ ಹಾಕಿ ಹೂಳಿ. ವಾಸನೆ ಉಳಿದರೆ ಇನ್ನೊಂದು ಪ್ರಾಣಿಯನ್ನು ನೀವೇ ಕರೆದಂತಾಗುತ್ತದೆ.

ಗುರಿಕಾರ

ಇಷ್ಟೆಲ್ಲ ಪತ್ತೇದಾರಿಕೆ ಯಾಕೆ? ತಿಂದ ಪ್ರಾಣಿ ನಾಳೆ ಮತ್ತೆ ಬರುತ್ತದೆ. ಸತ್ತ ಕೋಳಿಗೆ ಒಂದು ಚಮಚ ಕೀಟನಾಶಕದ ಹರಳು ಸವರಿ ಅದೇ ಜಾಗದಲ್ಲಿ ಇಡಿ. ಇಲ್ಲವೇ ಗೂಡಿನ ಸುತ್ತ ಒಂದು ತಂತಿ ಎಳೆದು ಕರೆಂಟ್ ಕೊಡಿ. ಒಂದೇ ರಾತ್ರಿಗೆ ಮುಗಿಯುತ್ತದೆ.

ಹಿತ್ತಿಲು, ಹೊಸನಗರ

ಗುರಿಕಾರರೇ, ನೀವು ಹೇಳಿದ ಎರಡೂ ದಾರಿಯಲ್ಲಿ ಮನುಷ್ಯರೇ ಸಾಯುತ್ತಾರೆ. ಮನೆಯ ಲೈನಿನಿಂದ ನೇರ ತಂತಿ ಎಳೆದ ಜಾಗಗಳಲ್ಲಿ ರೈತರು, ದನಗಳು, ಆನೆಗಳು ಸತ್ತ ಸುದ್ದಿಯನ್ನು ಎಲ್ಲರೂ ಓದಿದ್ದೇವೆ. ಕೋಳಿಗೂಡಿನ ಬಳಿ ಬೆಳಗಿನ ಜಾವ ಮೊದಲು ಹೋಗುವವರು ಮನೆಯ ಹೆಂಗಸರು, ಅವರ ಹಿಂದೆ ಮಕ್ಕಳು. ಇನ್ನು ವಿಷ. ಇಟ್ಟದ್ದನ್ನು ತಿನ್ನುವುದು ನಿಮ್ಮ ಮನೆಯ ನಾಯಿಯೂ ಆಗಬಹುದು, ಪಕ್ಕದ ಮನೆಯ ಬೆಕ್ಕೂ ಆಗಬಹುದು. ಅದರ ಹೆಣವನ್ನು ತಿಂದ ಕಾಗೆ, ಹದ್ದುಗಳೂ ಸಾಯುತ್ತವೆ. ಮಳೆ ಬಂದರೆ ಅದೇ ಹರಳು ಬಾವಿಯ ಕಡೆಗೆ ಹರಿಯುತ್ತದೆ.

ಕಾನೂನನ್ನೂ ಹೇಳಿಬಿಡುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಗುಂಡು ಹಾರಿಸುವುದಷ್ಟೇ ಅಲ್ಲ, ವಿಷ ಇಡುವುದು, ಉರುಳು ಹಾಕುವುದು, ಬೋನಿಗೆ ಬೀಳಿಸುವುದು, ಅದಕ್ಕೆ ಪ್ರಯತ್ನಿಸುವುದೂ ಬೇಟೆಯೇ. ಹೆಬ್ಬಾವು, ಉಡ, ಚಿರತೆ ಮೊದಲನೆಯ ಅನುಸೂಚಿಯಲ್ಲಿವೆ. ಅವುಗಳನ್ನು ಕೊಂದರೆ ಕನಿಷ್ಠ 3 ವರ್ಷ ಜೈಲು, 2022ರ ತಿದ್ದುಪಡಿಯ ನಂತರ ಕನಿಷ್ಠ 25,000 ರೂಪಾಯಿ ದಂಡ. ಉರುಳಿಗೆ ಯಾವ ಪ್ರಾಣಿ ಬೀಳುತ್ತದೆ ಎಂದು ಇಟ್ಟವರಿಗೆ ಗೊತ್ತಿರುವುದಿಲ್ಲ. ಹಂದಿಗೆಂದು ಇಟ್ಟ ಉರುಳಿನಲ್ಲಿ ಚಿರತೆ ನರಳಿದ್ದನ್ನು ನಮ್ಮ ಕಡೆ ನೋಡಿದವರು ಇದ್ದಾರೆ.

ಅದೂ ಅಲ್ಲದೆ, ಒಂದನ್ನು ಕೊಂದರೆ ಅದರ ಜಾಗಕ್ಕೆ ಇನ್ನೊಂದು ಬರುತ್ತದೆ. ಗೂಡಿನ ತೂತು ಹಾಗೆಯೇ ಇರುತ್ತದಲ್ಲ.

ಗುರಿಕಾರ

ಕೋಳಿ ಕಳೆದುಕೊಂಡವರ ಹೊಟ್ಟೆ ಉರಿ ನಿಮಗೆ ಗೊತ್ತಿಲ್ಲ. ನಮ್ಮಲ್ಲಿ ಒಂದು ವರ್ಷ ಒಂದು ಮರಿಯೂ ಉಳಿಯಲಿಲ್ಲ. ವಿಷ ಬೇಡ ಎಂದಾದರೆ ಸರಿ, ಮತ್ತೇನು ಮಾಡಬೇಕು ಎನ್ನುವುದನ್ನು ಸ್ಪಷ್ಟವಾಗಿ ಹೇಳಿ. ಬರೀ ಕಾನೂನು ಓದಿದರೆ ಕೋಳಿ ಉಳಿಯುವುದಿಲ್ಲ.

ಬೈನೆಮರ, ತೀರ್ಥಹಳ್ಳಿ

ಡಾಕ್ಟರರೇ, ನೀವು ಹೇಳಿದಂತೆ ನೋಡಿ ಬಂದೆ. ಹಿಂಬದಿಯ ಮೇಲಿನ ಸಾಲಿನಲ್ಲಿ ಒಂದು ಹೆಂಚು ಒಂದು ಗೇಣಿನಷ್ಟು ಪಕ್ಕಕ್ಕೆ ಸರಿದಿದೆ. ಕೆಳಗಿನಿಂದ ನೋಡಿದರೆ ಕಾಣುವುದಿಲ್ಲ, ಏಣಿ ಹತ್ತಿದ ಮೇಲೆ ತಿಳಿಯಿತು. ಅದರ ಪಕ್ಕದ ಹೆಂಚಿನ ಮೇಲೆ ಹಸಿರು ಪಾಚಿ ಕಿತ್ತು ಹೋಗಿ, ಕೆಂಪಾಗಿ ನಾಲ್ಕೈದು ಸಣ್ಣ ಗೆರೆಗಳು ಮೂಡಿವೆ. ಹಲಸಿನ ಮರದ ಒಂದು ಕೊಂಬೆ ಗೂಡಿನ ಮೇಲೆಯೇ ಬಂದಿದೆ. ಬಾವಿಕಟ್ಟೆಯ ಮೇಲೆ ಹಿಕ್ಕೆ ಇದೆ, ಅದರ ತುಂಬ ಬೈನೆ ಹಣ್ಣಿನ ಬೀಜ, ಒಂದರ ಪಕ್ಕ ಒಂದು ಒತ್ತಾಗಿ ಅಂಟಿಕೊಂಡು ಹೊಳೆಯುತ್ತಿವೆ. ಕೋಳಿ ಹುಷಾರಾಗಿದೆ, ಸಂಜೆಯ ಹೊತ್ತಿಗೆ ನುಚ್ಚು ಕುಕ್ಕಿತು.

ನಿವೃತ್ತ ಪಶುವೈದ್ಯ, ಶಿವಮೊಗ್ಗ

ಹಾಗಾದರೆ ಕಬ್ಬೆಕ್ಕು. ಕಣ್ಣಿನ ಸುತ್ತ ಕಪ್ಪು, ಉದ್ದ ಬಾಲ, ಮರ ಹತ್ತುವುದರಲ್ಲಿ ಎತ್ತಿದ ಕೈ. ಅದರ ಮುಖ್ಯ ಆಹಾರ ಹಣ್ಣು. ಬೈನೆ, ಕಾಫಿ, ಹಲಸು, ಆಲ, ಅತ್ತಿ ಎಲ್ಲವನ್ನೂ ತಿಂದು ಬೀಜವನ್ನು ಕಟ್ಟೆ, ಬಂಡೆ, ಬಿದ್ದ ಮರದ ಮೇಲೆ ಬಿಟ್ಟು ಹೋಗುತ್ತದೆ. ಮಲೆನಾಡಿನಲ್ಲಿ ಬೈನೆ ಮರಗಳು ಹರಡುವುದರಲ್ಲಿ ಅದರ ಪಾಲು ದೊಡ್ಡದು. ಕೋಳಿ ಅದಕ್ಕೆ ಸಿಕ್ಕಾಗ ಸಿಕ್ಕ ಬೇಟೆ.

ಒಂದನ್ನು ಒಯ್ದು ನಾಲ್ಕನ್ನು ಕೊಂದಿದ್ದು ಏಕೆ ಎಂದು ನಿಮ್ಮ ತಾಯಿ ಕೇಳುತ್ತಾರೆ. ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣುವುದಿಲ್ಲ. ಒಂದು ಕೂಗಿದರೆ ಉಳಿದವು ಗಾಬರಿಯಾಗಿ ಬಡಿದಾಡುತ್ತವೆ, ಓಡಲು ಜಾಗವಿಲ್ಲ. ಬೇಟೆಯ ಪ್ರಾಣಿಗೆ ಮುಂದೆ ಹಾರಾಡುವುದನ್ನು ಕಚ್ಚುವುದು ಸ್ವಭಾವ. ಕಾಡಿನಲ್ಲಿ ಮೊದಲ ಕಡಿತಕ್ಕೇ ಉಳಿದ ಹಕ್ಕಿಗಳು ಹಾರಿಹೋಗಿರುತ್ತವೆ, ಮುಚ್ಚಿದ ಗೂಡಿನಲ್ಲಿ ಅವು ಅಲ್ಲೇ ಇರುತ್ತವೆ. ಸಿಟ್ಟಾಗಲಿ ಕ್ರೌರ್ಯವಾಗಲಿ ಅಲ್ಲಿ ಇಲ್ಲ.

ಒಮ್ಮೆ ದಾರಿ ಕಂಡುಕೊಂಡ ಪ್ರಾಣಿ ಮತ್ತೆ ಬರುತ್ತದೆ ಎಂದು ಗುರಿಕಾರರು ಹೇಳಿದ್ದು ನೂರಕ್ಕೆ ನೂರು ನಿಜ. ಇವತ್ತು ರಾತ್ರಿ ಉಳಿದ ಕೋಳಿ ಮನೆಯೊಳಗೇ ಇರಲಿ.

ಸಕಲೇಶಪುರದವ

ಡಾಕ್ಟರರೇ, ಗಾಯ ನೋಡಿ ಪ್ರಾಣಿಯನ್ನು ಗುರುತಿಸುವ ಬಗೆಯನ್ನು ಎಲ್ಲರಿಗೂ ಅನುಕೂಲವಾಗುವಂತೆ ಬರೆಯುತ್ತೀರಾ? ನಮ್ಮ ತೋಟದಲ್ಲಿ ಹಗಲಲ್ಲೇ ಹೋಗುತ್ತವೆ.

ನಿವೃತ್ತ ಪಶುವೈದ್ಯ, ಶಿವಮೊಗ್ಗ

ಹಗಲಲ್ಲೇ ಹೋಗುವುದಾದರೆ ನಿಮ್ಮ ಮುಂಗುಸಿಯ ಅನುಮಾನ ನಿಮ್ಮ ತೋಟಕ್ಕೆ ಸರಿ. ಗೂಡಿನ ಕೆಳಗಿನ ಸಂದಿನಲ್ಲಿ ನುಸುಳಿ ಮೊಟ್ಟೆಯನ್ನೂ ಒಯ್ಯುತ್ತದೆ. ಮೊಟ್ಟೆಯನ್ನು ಹಿಂಗಾಲುಗಳ ನಡುವಿನಿಂದ ಹಿಂದಕ್ಕೆ ಎಸೆದು ಕಲ್ಲಿಗೆ ಬಡಿದು ಒಡೆಯುವುದು ಅದರ ವಿದ್ಯೆ, ಆದ್ದರಿಂದ ಗೋಡೆಯ ಬುಡದಲ್ಲಿ ಚೂರುಗಳು ಬಿದ್ದಿರುತ್ತವೆ. ಮೊಟ್ಟೆ ಚಿಪ್ಪು ಸಮೇತ ಮಾಯವಾಗಿದ್ದರೆ ಹಾವನ್ನೋ ಉಡವನ್ನೋ ನೆನೆಯಬೇಕು. ಸತ್ತ ಮರಿಯ ತಲೆ ಮತ್ತು ಹೆಗಲಿನ ಪುಕ್ಕ ಒದ್ದೆಯಾಗಿ ಅಂಟಿಕೊಂಡಿದ್ದರೆ ಹಾವು ನುಂಗಲು ನೋಡಿ ಆಗದೆ ಬಿಟ್ಟಿದೆ ಎಂದು ಅರ್ಥ.

ನಾಯಿಯ ದಾಳಿ ದೂರದಿಂದಲೇ ತಿಳಿಯುತ್ತದೆ. ಬಲೆ ಹರಿದಿರುತ್ತದೆ, ಅಂಗಳದ ತುಂಬ ಪುಕ್ಕ, ಹಕ್ಕಿಗಳು ಎಲ್ಲೆಂದರಲ್ಲಿ ಬಿದ್ದಿರುತ್ತವೆ, ತಿಂದಿರುವುದಿಲ್ಲ. ಕಾಡುಬೆಕ್ಕು ಮತ್ತು ನರಿ ಸಾಮಾನ್ಯವಾಗಿ ಇಡಿಯ ಕೋಳಿಯನ್ನೇ ಎತ್ತಿಕೊಂಡು ಹೋಗುತ್ತವೆ, ಬೇಲಿಯ ಕಡೆಗೆ ಪುಕ್ಕದ ಸಾಲು ಉಳಿಯುತ್ತದೆ. ಹದ್ದು ಅಥವಾ ಗಿಡುಗ ಹಿಡಿದಿದ್ದರೆ ಬಯಲಿನಲ್ಲಿ ಒಂದೇ ಕಡೆ ವೃತ್ತಾಕಾರವಾಗಿ ಕಿತ್ತ ಪುಕ್ಕ. ಹೆಗ್ಗಣ ಮರಿಗಳನ್ನು ಬಿಲದ ಬಾಯಿಗೆ ಎಳೆಯುತ್ತದೆ, ಬದುಕಿದ ಮರಿಗಳ ಕಾಲು ಕಡಿದಿರುತ್ತದೆ.

ಒಂದು ಬಗೆಯ ಸಾವನ್ನು ಬಹಳ ಮಂದಿ ತಪ್ಪಾಗಿ ಓದುತ್ತಾರೆ. ಗೂಡು ಪೂರ್ತಿ ಭದ್ರವಾಗಿದೆ, ಯಾವುದೂ ಒಳಗೆ ಹೋಗಿಲ್ಲ, ಆದರೂ ಬಲೆಗೆ ಒರಗಿದಂತೆ ಒಂದು ಕೋಳಿ ತಲೆಯಿಲ್ಲದೆ ಬಿದ್ದಿದೆ. ಹೊರಗೆ ನಿಂತ ಪ್ರಾಣಿ ದೊಡ್ಡ ಕಣ್ಣಿನ ಬಲೆಯೊಳಗೆ ಕೈ ಹಾಕಿ ಎಳೆದಿರುತ್ತದೆ. ಕೋಳಿ ಕೂರುವ ಅಡ್ಡಕೋಲು ಬಲೆಯಿಂದ ಒಂದು ಅಡಿಗಿಂತ ದೂರವಿದ್ದರೆ ಈ ಸಾವು ಆಗುವುದಿಲ್ಲ. ಹೊಸ ಗೂಡು ಕಟ್ಟುವವರು ಇದೊಂದನ್ನು ಮರೆಯಬಾರದು.

ಹಿತ್ತಿಲು, ಹೊಸನಗರ

ಗುರಿಕಾರರು ಸ್ಪಷ್ಟವಾಗಿ ಹೇಳಿ ಎಂದಿದ್ದರು. ಹೇಳುತ್ತೇನೆ. ಎಲ್ಲರೂ ಅಂಗಡಿಯಲ್ಲಿ ಕೋಳಿಬಲೆ ಎಂದು ಕೇಳಿ ತರುವ ಆರು ಮೂಲೆ ಕಣ್ಣಿನ ತೆಳು ತಂತಿಯ ಬಲೆ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ, ಪ್ರಾಣಿ ಒಳಗೆ ಬರುವುದನ್ನು ತಡೆಯುವುದಿಲ್ಲ. ನಾಯಿ ಅದನ್ನು ಹಲ್ಲಿನಿಂದ ಹರಿಯುತ್ತದೆ. ಹೆಗ್ಗಣದ ಮರಿ, ಹಾವು ಅದರ ಕಣ್ಣಿನಲ್ಲಿ ನುಸುಳುತ್ತವೆ. ಬೆಸುಗೆ ಹಾಕಿದ ಚೌಕಬಲೆ ಬೇಕು, ಕಣ್ಣು ಅರ್ಧ ಇಂಚು. ಅಂಗಡಿಯವರು ಗೇಜ್ ಲೆಕ್ಕದಲ್ಲಿ ಹೇಳುತ್ತಾರೆ, ಸಂಖ್ಯೆ ಕಡಿಮೆಯಾದಷ್ಟೂ ತಂತಿ ದಪ್ಪ. ನಮ್ಮ ಮಳೆಗೆ ಬೆಸುಗೆಯಾದ ಮೇಲೆ ಸತುವಿನ ಲೇಪ ಕೊಟ್ಟ ಬಲೆಯೇ ಆಗಬೇಕು. ಮೊದಲು ಲೇಪ ಕೊಟ್ಟು ಆಮೇಲೆ ಬೆಸೆದದ್ದು ಪ್ರತಿ ಕೀಲಿನಲ್ಲೂ ತುಕ್ಕು ಹಿಡಿಯುತ್ತದೆ. ಎರಡು ಮಳೆಗಾಲ ಕಳೆದ ಮೇಲೆ ಬೆರಳಿನಿಂದ ಒತ್ತಿದರೆ ಕಿತ್ತು ಬರುತ್ತದೆ.

ಬಲೆಯನ್ನು ಬರೀ ಮೊಳೆ ಬಗ್ಗಿಸಿ ಹೊಡೆಯಬೇಡಿ. ಬಲೆಯ ಅಂಚಿನ ಮೇಲೆ ಮರದ ಪಟ್ಟಿ ಇಟ್ಟು ಸ್ಕ್ರೂ ಬಿಗಿಯಿರಿ. ಪ್ರಾಣಿಗಳು ಬಲೆಯ ನಡುವೆ ಕೈ ಹಾಕುವುದಕ್ಕಿಂತ ಮೊದಲು ಅಂಚನ್ನೇ ಎಳೆದು ನೋಡುತ್ತವೆ. ಬಾಗಿಲಿಗೆ ಎರಡು ಚಿಲಕ, ಒಂದು ಮೇಲೆ, ಒಂದು ಕೆಳಗೆ. ಒಂದೇ ಚಿಲಕ ನಡುವಿನಲ್ಲಿದ್ದರೆ ಬಾಗಿಲಿನ ಮೂಲೆಯನ್ನು ನಾಯಿ ಮೂತಿಯಿಂದ ಒತ್ತಿ ಬಗ್ಗಿಸುತ್ತದೆ.

ಬೈನೆಮರ ಅವರಿಗೆ: ಹೆಂಚಿನ ಕೆಳಗೆ ರೀಪಿನ ಒಳಮೈಗೆ ಇದೇ ಚೌಕಬಲೆಯನ್ನು ಪೂರ್ತಿ ಹೊಡೆಯಿರಿ. ಆಗ ಹೆಂಚು ಸರಿದರೂ ಒಳಗೆ ಇಳಿಯಲು ಆಗುವುದಿಲ್ಲ. ಹಲಸಿನ ಆ ಕೊಂಬೆಯನ್ನು ಕಡಿಯಿರಿ.

ಉರಗಸ್ನೇಹಿ, ಉಡುಪಿ

ಹಾವಿನ ವಿಷಯದಲ್ಲಿ ಎರಡು ಮಾತು ಸೇರಿಸುತ್ತೇನೆ, ಏಕೆಂದರೆ ಕೋಳಿಗೂಡಿನಿಂದ ಬರುವ ಕರೆಗಳಿಗೆ ನಾನು ಹೋಗುತ್ತಲೇ ಇರುತ್ತೇನೆ. ಹೆಚ್ಚಿನ ಕಡೆ ಹಾವು ಬಂದಿರುವುದು ಇಲಿಗಾಗಿ. ಗೂಡಿನ ಕೆಳಗೆ ಚೆಲ್ಲಿದ ಅಕ್ಕಿ, ಜೋಳ, ನುಚ್ಚು ಇಲಿಯನ್ನು ಕರೆಯುತ್ತದೆ, ಇಲಿಯ ಹಿಂದೆ ಕೇರೆ, ನಾಗರ ಬರುತ್ತವೆ. ಬಂದ ಮೇಲೆ ಮೊಟ್ಟೆ, ಮರಿ ಕಂಡರೆ ನಾಗರಹಾವು ಬಿಡುವುದಿಲ್ಲ. ಸಂಜೆ ಮಿಕ್ಕ ಕಾಳನ್ನು ಗುಡಿಸಿ ತೆಗೆಯಿರಿ, ಮೇವನ್ನು ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಇಡಿ, ಮೊಟ್ಟೆಯನ್ನು ಅದೇ ದಿನ ತೆಗೆಯಿರಿ. ಗೂಡಿಗೆ ಒರಗಿಸಿ ಸೌದೆ, ಹೆಂಚು, ಕಲ್ಲು ರಾಶಿ ಹಾಕಬೇಡಿ.

ನುಸಿಗುಳಿಗೆ, ಫಿನಾಯಿಲ್, ಬೆಳ್ಳುಳ್ಳಿ ನೀರು, ಗಂಧಕದ ಪುಡಿ ಇವುಗಳಿಂದ ಹಾವು ಬರುವುದು ನಿಲ್ಲುವುದಿಲ್ಲ. ಇವುಗಳ ಹೊಗೆ, ವಾಸನೆಯಿಂದ ಕೋಳಿಗೇ ಉಸಿರಾಟದ ತೊಂದರೆ.

ಕೈಮುಗಿದು ಕೇಳಿಕೊಳ್ಳುವ ಇನ್ನೊಂದು ವಿಷಯವೆಂದರೆ, ನೆಲಮಟ್ಟದಲ್ಲಿ ನೈಲಾನ್ ಬಲೆ ಕಟ್ಟಬೇಡಿ. ಹಾವು ಅರ್ಧ ನುಸುಳಿ ಸಿಕ್ಕಿಕೊಳ್ಳುತ್ತದೆ. ಹುರುಪೆ ಹಿಂದಕ್ಕೆ ಬಾಗಿರುವುದರಿಂದ ವಾಪಸ್ ಬರಲು ಆಗುವುದಿಲ್ಲ, ಎಳೆದಷ್ಟೂ ನೂಲು ಮಾಂಸದೊಳಗೆ ಇಳಿಯುತ್ತದೆ. ಮೊನ್ನೆ ಒಂದು ಕೇರೆಹಾವನ್ನು ಬಿಡಿಸುವಾಗ ಕುತ್ತಿಗೆಯ ಕೆಳಗೆ ಸುತ್ತಲೂ ಚರ್ಮ ಸೀಳಿ ನೊಣ ಮುತ್ತಿದ್ದವು, ಇನ್ನೂ ಜೀವವಿತ್ತು. ನೈಲಾನ್ ಬಲೆಯನ್ನು ತಲೆಯ ಮೇಲೆ, ಹದ್ದಿಗೆ ಅಡ್ಡವಾಗಿ ಮಾತ್ರ ಬಳಸಿ.

ಬೆಳಗ್ಗೆ ಗೂಡಿನೊಳಗೆ ಬರಿಗೈ ಹಾಕಿ ಮೊಟ್ಟೆ ತಡಕಬೇಡಿ, ಟಾರ್ಚ್ ಹಿಡಿದು ನೋಡಿ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕುಯ್ಯುವುದು, ನಾಟಿ ಔಷಧಿಗೆ ಓಡುವುದು ಯಾವುದೂ ಬೇಡ, 108ಕ್ಕೆ ಕರೆ ಮಾಡಿ ಪ್ರತಿವಿಷ ಇರುವ ಆಸ್ಪತ್ರೆಗೆ ಹೋಗಿ. ಹಾವು ಒಳಗಿದ್ದರೆ ನೀವೇ ಹಿಡಿಯಲು ಹೋಗಬೇಡಿ, ಅರಣ್ಯ ಇಲಾಖೆಯ ಸಹಾಯವಾಣಿ 1926.

ಎರೆಹೊಲ, ಗದಗ

ಮಲೆನಾಡಿನವರ ಮಾತು ಓದಿದೆ. ನಮ್ಮ ಕಡೆ ಕಷ್ಟವೇ ಬೇರೆ. ಇಲ್ಲಿ ಮರವಿಲ್ಲ, ಮೇಲಿನಿಂದ ಇಳಿಯುವ ಪ್ರಾಣಿ ಕಡಿಮೆ. ನರಿ ಮತ್ತು ನಾಯಿ ನೆಲ ಅಗೆದು ಬರುತ್ತವೆ. ಬಲೆಯನ್ನು ಒಂದೂವರೆ ಅಡಿ ನೆಟ್ಟಗೆ ಹೂಳಿ ಎಂದು ಎಲ್ಲರೂ ಹೇಳುತ್ತಾರೆ. ಎರೆಮಣ್ಣಿನಲ್ಲಿ ಅದು ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ನೆಲ ಕೈ ಇಳಿಯುವಷ್ಟು ಬಿರಿಯುತ್ತದೆ, ಹೂತ ಬಲೆಯ ಪಕ್ಕದಲ್ಲೇ ಬಿರುಕು ಬಾಯಿ ಬಿಡುತ್ತದೆ. ಮಳೆ ಬಿದ್ದಾಗ ಮಣ್ಣು ಉಬ್ಬಿ ಕಂಬವನ್ನೇ ವಾಲಿಸುತ್ತದೆ.

ನಮ್ಮಲ್ಲಿ ನಿಂತದ್ದು ಮಲಗಿಸಿದ ಬಲೆ. ಗೋಡೆಯ ಬುಡದಿಂದ ಹೊರಕ್ಕೆ ಎರಡು ಅಡಿ ಅಗಲಕ್ಕೆ ನೆಲದ ಮೇಲೆಯೇ ಬಲೆ ಹಾಸಿ, ಗೋಡೆಯ ಬಲೆಗೆ ತಂತಿಯಿಂದ ಹೊಲಿದು, ಮೇಲೆ ಗರಸು ಮತ್ತು ಕಲ್ಲು ಹೇರಬೇಕು. ನರಿ ಯಾವಾಗಲೂ ಗೋಡೆಯ ಬುಡಕ್ಕೆ ಬಂದು ಅಲ್ಲೇ ಕಾಲು ಹಾಕಿ ಕೆರೆಯುತ್ತದೆ, ಎರಡು ಅಡಿ ಹಿಂದೆ ಸರಿದು ಅಗೆಯಬೇಕೆಂದು ಅದಕ್ಕೆ ಹೊಳೆಯುವುದಿಲ್ಲ. ಉಗುರಿಗೆ ತಂತಿ ತಾಗಿದರೆ ಪಕ್ಕಕ್ಕೆ ಹೋಗಿ ಮತ್ತೆ ಬುಡದಲ್ಲೇ ಕೆರೆಯುತ್ತದೆ. ಮಳೆಗಾಲ ಮುಗಿದ ಮೇಲೆ ಹೊಲಿಗೆ ಬಿಟ್ಟಿದೆಯೇ ಎಂದು ಸುತ್ತಲೂ ಕೈಯಾಡಿಸಿ ನೋಡಿದರೆ ಸಾಕು.

ಹಣವಿದ್ದವರು ಗೂಡಿನ ನೆಲಕ್ಕೇ ಕಡಪಾ ಕಲ್ಲು ಅಥವಾ ಕಾಂಕ್ರೀಟ್ ಹಾಕಿ, ಮೇಲೆ ಶೇಂಗಾ ಸಿಪ್ಪೆ ಹರಡಲಿ. ಅದಕ್ಕಿಂತ ಗಟ್ಟಿ ಯಾವುದೂ ಇಲ್ಲ.

ಕಡಲತಡಿ, ಕುಂದಾಪುರ

ನಮ್ಮದು ಮರಳು. ಅಗೆಯುವುದು ನಾಯಿಗೆ ಆಟ. ಅದಕ್ಕೇ ಹಿರಿಯರು ಗೂಡನ್ನು ನೆಲದಿಂದ ಎತ್ತಿ ಕಟ್ಟುತ್ತಿದ್ದರು: ನಾಲ್ಕು ಕಂಬ, ಸೊಂಟದ ಎತ್ತರ, ಅಡಿಕೆ ದಬ್ಬೆಯ ನೆಲ, ಹಿಕ್ಕೆ ಕೆಳಗೆ ಬೀಳುತ್ತದೆ. ನಾನು ಹೊಸದಾಗಿ ಕಟ್ಟಿಸುವಾಗ ಕಂಬಗಳಿಗೆ ತಗಡಿನ ಪಟ್ಟಿ ಸುತ್ತಿಸಿದೆ, ಇಲಿಯೂ ಬೆಕ್ಕೂ ಉಗುರು ಊರಲಾರವು. ದಬ್ಬೆಯ ಸಂದು ಒಂದು ಬೆರಳಿಗಿಂತ ಹೆಚ್ಚಿರಬಾರದು. ದಬ್ಬೆ ಒಣಗಿದಂತೆ ಸಂದು ಅಗಲವಾಗುತ್ತದೆ, ಆದ್ದರಿಂದ ಚೆನ್ನಾಗಿ ಒಣಗಿದ್ದನ್ನೇ ಬಳಸಿ.

ಹಗಲಿನ ಕಾಟ ಗರುಡ, ಹದ್ದು, ಕಾಗೆ, ಕೆಂಬೂತ. ಮರಿಗಳು ಬೆರಳುದ್ದ ಇರುವಾಗ ಕಾಗೆಯೇ ದೊಡ್ಡ ಶತ್ರು. ಮೀನುಗಾರರ ಹಳೆಯ ಬಲೆ ಕಡಿಮೆ ಬೆಲೆಗೆ ಸಿಗುತ್ತದೆ, ಅದನ್ನು ಆಳೆತ್ತರದಲ್ಲಿ ಅಂಗಳದ ಒಂದು ಭಾಗಕ್ಕೆ ಬಿಗಿದು ಕಟ್ಟಿ, ಮರಿಯಿರುವ ತಾಯಿಯನ್ನು ಮೊದಲ ಒಂದೂವರೆ ತಿಂಗಳು ಅದರಡಿ ಬಿಡುತ್ತೇವೆ. ಸಡಿಲವಾಗಿ ಕಟ್ಟಿದರೆ ಹಕ್ಕಿಗಳು ಸಿಕ್ಕಿಕೊಂಡು ಸಾಯುತ್ತವೆ, ಬಿಗಿ ಮುಖ್ಯ.

ಸಕಲೇಶಪುರದವ

ಹೊಳೆಯುವ ಸಿಡಿ ತಟ್ಟೆ, ಬೆಳ್ಳಿ ಪಟ್ಟಿ ಕಟ್ಟಿದರೆ ಹದ್ದು ಬರುವುದಿಲ್ಲ ಎನ್ನುತ್ತಾರಲ್ಲ?

ಕಡಲತಡಿ, ಕುಂದಾಪುರ

ಸ್ವಲ್ಪ ದಿನ ಬರುವುದಿಲ್ಲ. ಅಭ್ಯಾಸವಾದ ಮೇಲೆ ಅದರ ಪಕ್ಕದಲ್ಲೇ ಕೂರುತ್ತದೆ. ಮಿನುಗುವ ದೀಪದ ಕತೆಯೂ ಇದೇ. ಮರಿಗಳು ಓಡಿ ಅಡಗಲು ಪೊದೆ ಬೇಕು. ದಾಸವಾಳ, ಕ್ರೋಟನ್ ಗಿಡದ ಸಾಲು ಇದ್ದ ಹಿತ್ತಲಿನಲ್ಲಿ ಹದ್ದಿಗೆ ಸಿಗುವುದು ಕಡಿಮೆ. ತಾಯಿಕೋಳಿ ಎಚ್ಚರಿಕೆಯ ಸದ್ದು ಮಾಡಿದ ಕ್ಷಣಕ್ಕೆ ಎಲ್ಲವೂ ಗಿಡದಡಿ ನುಗ್ಗಿ ಕಲ್ಲಿನಂತೆ ಕುಳಿತುಬಿಡುತ್ತವೆ.

ನೆಲಮಂಗಲದಿಂದ

ಬೆಂಗಳೂರಿನ ಅಂಚಿನವರ ಪರಿಸ್ಥಿತಿಯನ್ನೂ ಕೇಳಿ. ಇಲ್ಲಿ ಕಾಡುಪ್ರಾಣಿಗಿಂತ ಬೀದಿನಾಯಿಯ ಹಿಂಡು ಮತ್ತು ಹೆಗ್ಗಣ. ನಾಯಿಗಳು ಹಿಂಡಾಗಿ ಬಂದರೆ ಮರದ ಚೌಕಟ್ಟನ್ನೇ ಉರುಳಿಸುತ್ತವೆ. ಕಬ್ಬಿಣದ ಕೋನಪಟ್ಟಿಯ ಚೌಕಟ್ಟು ಮಾಡಿಸಿ ಗೋಡೆಗೆ ಬೋಲ್ಟ್ ಹಾಕಿಸಿದ್ದೇನೆ.

ನನ್ನ ಪ್ರಶ್ನೆ ಬೇರೆ. ಊರಿನಲ್ಲಿ ನಮ್ಮ ಅಜ್ಜನ ಕೋಳಿಗಳು ಮಾವಿನ ಮರದ ಮೇಲೆಯೇ ಮಲಗುತ್ತಿದ್ದವು. ಗೂಡೇ ಇರಲಿಲ್ಲ. ಮುಚ್ಚಿದ ಗೂಡಿನಲ್ಲಿ ಸಾಮೂಹಿಕವಾಗಿ ಸಾಯುವುದಕ್ಕಿಂತ ಮರವೇ ಮೇಲಲ್ಲವೇ?

ಹಿತ್ತಿಲು, ಹೊಸನಗರ

ನಿಮ್ಮ ಅಜ್ಜನ ಕೋಳಿಗಳು ನಾಟಿ ಕೋಳಿಗಳು, ಹಾರುತ್ತಿದ್ದವು. ಗಿರಿರಾಜದಂಥ ಭಾರದ ಕೋಳಿಯನ್ನು ಮರ ಹತ್ತಿಸಲು ಆಗುವುದಿಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರೇ ಆಮೇಲೆ ಹೊರತಂದ ಸ್ವರ್ಣಧಾರ ತೂಕದಲ್ಲಿ ಹಗುರ, ಗಿರಿರಾಜಕ್ಕಿಂತ ಚೆನ್ನಾಗಿ ತಪ್ಪಿಸಿಕೊಳ್ಳುತ್ತದೆ. ಹಿತ್ತಲಿನಲ್ಲಿ ಬಿಟ್ಟು ಸಾಕುವವರು ತಳಿ ಆರಿಸುವಾಗಲೇ ಇದನ್ನು ಯೋಚಿಸಬೇಕು.

ಆದರೂ ಮರ ಭದ್ರ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಕಬ್ಬೆಕ್ಕು ಮರದ ಮೇಲೆಯೇ ಬದುಕುವ ಪ್ರಾಣಿ. ಮರದ ಮೇಲೆ ಒಂದೊಂದಾಗಿ ಕಡಿಮೆಯಾಗುತ್ತಿದ್ದವು, ಮನೆಯವರು ಎಣಿಸುತ್ತಿರಲಿಲ್ಲ. ಮಳೆಯಲ್ಲಿ ನೆಂದು ಸೀಕು ಬಂದು ಸತ್ತವೂ ಅದರಲ್ಲೇ ಸೇರಿರುತ್ತಿದ್ದವು. ನಾವೀಗ ಎಣಿಸುತ್ತೇವೆ. ಸಾಕಿದ ಮೇಲೆ ರಾತ್ರಿ ಅದಕ್ಕೆ ನೆಮ್ಮದಿಯ ಜಾಗ ಕೊಡುವುದು ನಮ್ಮ ಹೊಣೆ.

ಗುರಿಕಾರ

ಖರ್ಚು ಹೇಳಿ. ಮನೆಯ ಕೋಳಿಗೆ ಸಾವಿರಗಟ್ಟಲೆ ಸುರಿಯಲು ಎಲ್ಲರಿಗೂ ಆಗುವುದಿಲ್ಲ.

ಹಿತ್ತಿಲು, ಹೊಸನಗರ

ಈ ಪ್ರಶ್ನೆ ನ್ಯಾಯವಾದದ್ದು. ಅಂಗಳ ಪೂರ್ತಿ ಬಲೆ ಹಾಕಲು ಹೋಗಬೇಡಿ. ರಾತ್ರಿ ಮಲಗುವ ಪೆಟ್ಟಿಗೆಯೊಂದನ್ನು ಮಾತ್ರ ಗಟ್ಟಿ ಮಾಡಿ. ಎಂಟು ಹತ್ತು ಕೋಳಿಗೆ ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲ ಸಾಕು, ಏಕೆಂದರೆ ಅಲ್ಲಿ ಅವು ಮಲಗುವುದಷ್ಟೇ. ಮೂರು ಗೋಡೆಗೆ ಮನೆಯಲ್ಲಿರುವ ಹಳೆಯ ಹಲಗೆ ಆಗುತ್ತದೆ, ಚೌಕಬಲೆ ಬೇಕಾಗುವುದು ಗಾಳಿಯಾಡುವ ಒಂದು ಮುಖ, ಮಾಡಿನ ಒಳಮೈ ಮತ್ತು ನೆಲಕ್ಕೆ. ಗಾಳಿಕಿಂಡಿ ಮುಚ್ಚಿಬಿಟ್ಟರೆ ಹಿಕ್ಕೆಯ ಅಮೋನಿಯಾ ವಾಸನೆಗೆ ಕೋಳಿ ಕೆಮ್ಮುತ್ತದೆ. ಇರುವ ಹಣವನ್ನು ಮೊದಲು ಬಲೆಗೆ, ಆಮೇಲೆ ಚಿಲಕಕ್ಕೆ ಹಾಕಿ, ಚೆಂದಕ್ಕೆ ಕೊನೆಗೆ.

ಖರ್ಚೇ ಇಲ್ಲದ ಕೆಲಸವೊಂದಿದೆ, ಸಂಜೆ ಬಾಗಿಲು ಹಾಕುವುದು. ಮುಸ್ಸಂಜೆಗೆ ಅರ್ಧ ಗಂಟೆ ಮೊದಲು ಗೂಡಿನ ಬಳಿ ನಿಂತು ಒಂದೇ ದನಿಯಲ್ಲಿ ಕರೆದು ಒಂದು ಹಿಡಿ ನುಚ್ಚು ಹಾಕಿ. ವಾರದೊಳಗೆ ಅವು ತಾವೇ ಬಂದು ಸಾಲು ನಿಲ್ಲುತ್ತವೆ. ಎಣಿಸಿ, ಬಾಗಿಲು ಹಾಕಿ. ಮದುವೆ, ಜಾತ್ರೆಗೆ ಹೋದ ದಿನ ಯಾರು ಹಾಕುತ್ತಾರೆ ಎನ್ನುವುದನ್ನು ಹೊರಡುವ ಮೊದಲೇ ಹೇಳಿ ಹೋಗಿ. ನಾನು ಕೇಳಿದ ಸಾವುಗಳಲ್ಲಿ ಹೆಚ್ಚಿನವು ಬಲೆ ಹರಿದ ರಾತ್ರಿ ಆದದ್ದಲ್ಲ, ಬಾಗಿಲು ತೆರೆದೇ ಉಳಿದ ರಾತ್ರಿ ಆದದ್ದು.

ಗುರಿಕಾರ

ಇದು ಆಗುವ ಮಾತು. ನಾಲ್ಕು ಅಡಿಯ ಪೆಟ್ಟಿಗೆ ನಾನೂ ಮಾಡಿಸುತ್ತೇನೆ. ನೆಲಕ್ಕೆ ಚೌಕಬಲೆ ಹಾಕಿದರೆ ಕೋಳಿಯ ಪಾದಕ್ಕೆ ಗಾಯವಾಗುವುದಿಲ್ಲವೇ?

ನಿವೃತ್ತ ಪಶುವೈದ್ಯ, ಶಿವಮೊಗ್ಗ

ಬರೀ ತಂತಿಯ ಮೇಲೆ ನಿಂತರೆ ಆಗುತ್ತದೆ, ಅಂಗಾಲು ಒಡೆದು ಬಾವು ಬರುತ್ತದೆ. ಬಲೆಯ ಮೇಲೆ ಮೂರು ನಾಲ್ಕು ಇಂಚು ಭತ್ತದ ಹೊಟ್ಟು ಅಥವಾ ತರಗೆಲೆ ಹರಡಿ, ತೇವವಾದಾಗ ಬದಲಿಸಿ. ಹೇಗೂ ರಾತ್ರಿಯೆಲ್ಲ ಅವು ಅಡ್ಡಕೋಲಿನ ಮೇಲೆ ಇರುತ್ತವೆ. ಕೋಲು ಒಂದೂವರೆ ಎರಡು ಇಂಚು ದಪ್ಪ ಇರಲಿ, ಅಂಚು ಉಜ್ಜಿ ನಯ ಮಾಡಿ.

ಬೈನೆಮರ, ತೀರ್ಥಹಳ್ಳಿ

ಎಲ್ಲರಿಗೂ ತುಂಬು ಮನಸ್ಸಿನ ಧನ್ಯವಾದ. ಹಲಸಿನ ಕೊಂಬೆ ಕಡಿಸಿದೆ, ಬುಡಕ್ಕೆ ತಗಡಿನ ಪಟ್ಟಿ ಸುತ್ತಿಸಿದೆ. ಹೆಂಚು ಇಳಿಸಿ ರೀಪಿನ ಒಳಮೈಗೆ ಚೌಕಬಲೆ ಹೊಡೆದು ಮತ್ತೆ ಹೊದಿಸಿದ್ದೇವೆ, ಮುಂದಿನ ಹಳೆಯ ಬಲೆಯನ್ನೂ ಬದಲಿಸಿದೆವು. ಅಡ್ಡಕೋಲನ್ನು ಹಿಂದಕ್ಕೆ ಸರಿಸಿದೆ. ಕೆಲಸ ಮುಗಿದ ರಾತ್ರಿ ಪ್ರಾಣಿ ಬಂದಿತ್ತು, ಬೆಳಗ್ಗೆ ನೋಡಿದರೆ ಮೇಲಿನ ಸಾಲಿನ ಎರಡು ಹೆಂಚು ಅಲುಗಿದ್ದವು. ಒಳಗೆ ಏನೂ ಆಗಿಲ್ಲ. ಬಾವಿಕಟ್ಟೆಯ ಮೇಲೆ ಹೊಸ ಹಿಕ್ಕೆ, ಮತ್ತದೇ ಬೈನೆ ಬೀಜ. ಅಮ್ಮ ಆ ಬೀಜಗಳನ್ನು ಗುಡಿಸಿ ತೋಟದ ಅಂಚಿಗೆ ಹಾಕಿದರು, ಹುಟ್ಟಲಿ ಎಂದರು.

ಪಕ್ಕದ ಮನೆಯವರು ನಾಲ್ಕು ಹೇಂಟೆ ಕೊಟ್ಟಿದ್ದಾರೆ. ಅದರಲ್ಲಿ ಒಂದು ಕಾವಿಗೆ ಕೂತಿದೆ, ಆದರೆ ಗೂಡಿನಲ್ಲಿ ಅಲ್ಲ, ಕೊಟ್ಟಿಗೆಯ ಮೂಲೆಯಲ್ಲಿ ನೆಲದ ಮೇಲೆ. ಎತ್ತಿ ಗೂಡಿಗೆ ಹಾಕಿದರೆ ಮೊಟ್ಟೆ ಬಿಟ್ಟು ಏಳುತ್ತದೆಯೇ?

ಹಿತ್ತಿಲು, ಹೊಸನಗರ

ಹಗಲಲ್ಲಿ ಎತ್ತಿದರೆ ಏಳುತ್ತದೆ. ಕತ್ತಲಾದ ಮೇಲೆ, ದೀಪ ಹಾಕದೆ, ಮೊಟ್ಟೆಯಿರುವ ಬುಟ್ಟಿಯನ್ನು ಮೊದಲು ಹೊಸ ಜಾಗದಲ್ಲಿ ಇಡಿ. ಆಮೇಲೆ ಕೋಳಿಯನ್ನು ಎರಡೂ ಕೈಯಲ್ಲಿ ರೆಕ್ಕೆ ಒತ್ತಿ ಹಿಡಿದು ತಂದು ಮೊಟ್ಟೆಯ ಮೇಲೆ ಮೆತ್ತಗೆ ಇಳಿಸಿ, ಮೇಲೊಂದು ದೊಡ್ಡ ಬುಟ್ಟಿ ಕವುಚಿ ಕಲ್ಲು ಹೇರಿ. ಮರುದಿನ ಮಧ್ಯಾಹ್ನ ಮೇವಿಗೆ, ನೀರಿಗೆ ಬಿಟ್ಟಾಗ ತಾನೇ ಹಿಂದಿರುಗಿದರೆ ಒಪ್ಪಿಕೊಂಡಿದೆ ಎಂದರ್ಥ. ಉಳಿದ ಕೋಳಿಗಳ ಜೊತೆ ಬೇಡ, ಅವು ಅದೇ ಬುಟ್ಟಿಗೆ ನುಗ್ಗಿ ಮೊಟ್ಟೆಯಿಡುತ್ತವೆ. ಪೆಟ್ಟಿಗೆಯಲ್ಲಿ ಬಲೆಯ ಅಡ್ಡಗೋಡೆ ಹಾಕಿ ಒಂದು ಮೂಲೆ ಬೇರೆ ಮಾಡಿಕೊಡಿ.

ಇನ್ನೊಂದು ಶತ್ರುವನ್ನು ಯಾರೂ ಹೇ​ಳಲಿಲ್ಲ, ಇರುವೆ. ಇಪ್ಪತ್ತೊಂದನೆಯ ದಿನದ ಹೊತ್ತಿಗೆ ಚಿಪ್ಪು ಬಿರಿದಾಗ ಬರುವ ಹಸಿ ವಾಸನೆಗೆ ಕೆಂಪಿರುವೆ ಸಾಲುಗಟ್ಟಿ ಬಂದು, ಮರಿ ಹೊರಗೆ ಬರುವ ಮೊದಲೇ ತಿಂದುಬಿಡುತ್ತದೆ. ಬುಟ್ಟಿಯನ್ನು ನಾಲ್ಕು ಕಾಲಿನ ಮಣೆಯ ಮೇಲಿಟ್ಟು, ಪ್ರತಿ ಕಾಲಿನ ಕೆಳಗೆ ನೀರು ತುಂಬಿದ ಕರಟ ಇಡಿ. ನೀರು ಆರದಂತೆ ಬೆಳಗ್ಗೆ ಸಂಜೆ ನೋಡಿಕೊಳ್ಳಿ, ಮಣೆ ಗೋಡೆಗೆ ತಾಗದಿರಲಿ.